ಹೇಳಿದ ಮಾತಿಗೆ ಉತ್ತರ ಸಿಗಲಿ

‘ಮಾವ, ಹುಡುಗರು ನಿಲ್ಲುತ್ತಿಲ್ಲ. ಇನ್ನೇನು ಮಾಡಲಿ ಹೇಳಿ’ ಎಂದು ನೀನು ಕೇಳಿದೆ. ಕೇಳುವುದಕ್ಕೆ ಮೊದಲು ಮಾಡಿದ್ದೆಲ್ಲದರ ಪಟ್ಟಿ ಒಪ್ಪಿಸಿದೆ. ಹುಟ್ಟುಹಬ್ಬಕ್ಕೆ ಕೇಕು, ಭಾನುವಾರದ ಕ್ರಿಕೆಟ್ ಪಂದ್ಯ, ಕಂಪನಿ ಹೆಸರು ಹಾಕಿಸಿದ ಟೀ ಶರ್ಟು, ನೋಟಿಸ್ ಬೋರ್ಡಿನಲ್ಲಿ ತಿಂಗಳಿಗೊಬ್ಬ ಉತ್ತಮ ಕೆಲಸಗಾರನ ಫೋಟೊ. ಇಷ್ಟಾದರೂ ದಸರಾ ಬೋನಸ್ ಕೈಗೆ ಬಿದ್ದ ವಾರದಲ್ಲೇ ನಾಲ್ಕಾರು ಜನ ಬ್ಯಾಗು ಹೆಗಲಿಗೇರಿಸಿ ಪಕ್ಕದ ರಸ್ತೆಯ ಶೆಡ್ಡಿಗೆ ನಡೆದರಂತೆ. ಉಳಿದವರಾದರೂ ಮನಸ್ಸಿಟ್ಟು ದುಡಿಯುತ್ತಾರಾ ಎಂದರೆ ಮೈ ಮೆಷಿನ್ ಮುಂದೆ, ಮನಸ್ಸು ಮೊಬೈಲಿನಲ್ಲಿ.

ಪೀಣ್ಯದಲ್ಲಿ ಈ ಮಾತು ಆಡುತ್ತಿರುವವಳು ನೀನೊಬ್ಬಳೇ ಅಲ್ಲ ಕಣಮ್ಮ. ಒಂದು ಗೇಟಿನಿಂದ ಹೊರಗೆ ಬಂದ ಸಿಎನ್‌ಸಿ ಆಪರೇಟರ್ ಎದುರಿನ ಗೇಟಿನ ‘ಕೆಲಸಗಾರರು ಬೇಕಾಗಿದ್ದಾರೆ’ ಬೋರ್ಡು ನೋಡಿ ಅಂದೇ ಒಳಗೆ ಹೋಗಬಹುದಾದ ಜಾಗ ಅದು. ಅಲ್ಲಿ ಐನೂರು ರೂಪಾಯಿ ಹೆಚ್ಚು ಕೊಟ್ಟರು ಅಂತ ಹೋದ ಎನ್ನುತ್ತೀಯ. ಇರಬಹುದು. ಆದರೆ ಐನೂರಕ್ಕೆ ಹೋಗದೆ ನಿಂತವರೂ ಅದೇ ರಸ್ತೆಯಲ್ಲಿದ್ದಾರಲ್ಲ, ಅವರು ಯಾಕೆ ನಿಂತರು ಎಂದು ಕೇಳಿದ್ದೀಯಾ?

ಕಾರ್ಖಾನೆಯ ಪರ್ಸನಲ್ ಡಿಪಾರ್ಟ್‌ಮೆಂಟಿನಲ್ಲಿ ಕೂತೇ ಕೂದಲು ಹಣ್ಣಾದವನು ನಾನು. ಮೇಜಿನ ಆಚೆ ನಿಂತು ರಾಜೀನಾಮೆ ಪತ್ರ ಕೊಟ್ಟವರನ್ನು ನೋಡಿದ್ದೇನೆ, ಮೂವತ್ತು ವರ್ಷ ಅದೇ ಮೆಷಿನ್ ಹಿಡಿದು ಹಾರ ಹಾಕಿಸಿಕೊಂಡು ಹೋದವರನ್ನೂ ನೋಡಿದ್ದೇನೆ. ಅದರಿಂದ ಕಲಿತದ್ದನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹೊಸದಾಗಿ ಏನು ಕೊಡಲಿ ಎಂಬ ಯೋಚನೆಯನ್ನು ಸ್ವಲ್ಪ ದಿನ ಪಕ್ಕಕ್ಕಿಡು. ನಿನ್ನ ಶೆಡ್ಡಿನಲ್ಲಿ ಉತ್ತರ ಸಿಗದೆ ಉಳಿದಿರುವ ಮಾತು ಎಷ್ಟಿವೆ ಎಂದು ಎಣಿಸು. ತಾನು ಹೇಳಿದ್ದಕ್ಕೆ ಹೌದು ಎಂದೋ ಇಲ್ಲ ಎಂದೋ ಉತ್ತರ ಬಂದೇ ಬರುತ್ತದೆ ಎಂಬ ನಂಬಿಕೆ ಇರುವ ಕಡೆ ಕೆಲಸಗಾರ ಮನಸ್ಸಿಡುತ್ತಾನೆ. ಆ ನಂಬಿಕೆ ಹೋದ ಕಡೆ ಕೇಕು ತಿಂದು ಕೈ ಒರೆಸಿಕೊಂಡು ಹೋಗುತ್ತಾನೆ.

ಉದಾಹರಣೆ ಹೇಳುತ್ತೇನೆ, ಕೇಳು. ನಿನ್ನ ವಿಎಂಸಿ ಮೆಷಿನ್ ಮೇಲೆ ಅಲ್ಯೂಮಿನಿಯಂ ಹೌಸಿಂಗ್ ಓಡುತ್ತಿದೆ ಎಂದುಕೊ. ಆಪರೇಟರ್ ಮುಗಿದ ಜಾಬ್ ಬಿಚ್ಚುತ್ತಾನೆ, ಅದನ್ನು ಹಿಡಿದಿಡುವ ಫಿಕ್ಸ್‌ಚರ್ ಮೇಲೆ ಏರ್ ಗನ್ ಹಿಡಿಯುತ್ತಾನೆ, ಹೊಸದನ್ನು ಕೂರಿಸಿ ಕ್ಲ್ಯಾಂಪ್ ಬಿಗಿಯುತ್ತಾನೆ. ಒಂದು ಮೂಲೆಯಲ್ಲಿ, ಜಾಬ್ ಕೂರುವ ಪ್ಯಾಡಿನ ಬುಡದಲ್ಲಿ, ಚಿಪ್ಸ್ ಕೂಲಂಟಿನ ಜಿಡ್ಡಿಗೆ ಅಂಟಿ ನಿಲ್ಲುತ್ತದೆ. ಎಷ್ಟು ಗಾಳಿ ಹೊಡೆದರೂ ಪೂರ್ತಿ ಹೋಗುವುದಿಲ್ಲ. ಅದರ ಒಂದು ಎಳೆ ಕೆಳಗೆ ಸಿಕ್ಕರೂ ಸಾಕು, ಜಾಬ್ ಸಮನಾಗಿ ಕೂರದೆ ಬೋರ್ ಓರೆಯಾಗುತ್ತದೆ. ದಿನವಿಡೀ ಅದರ ಮುಂದೆ ನಿಲ್ಲುವ ಹುಡುಗನಿಗೆ ಇದು ಗೊತ್ತು. ‘ಸಾರ್, ಈ ಪ್ಯಾಡ್ ಸುತ್ತ ಒಂದು ಗ್ರೂವ್ ಹೊಡೆಸಿಕೊಡಿ, ಚಿಪ್ಸ್ ಅದರೊಳಗೆ ಇಳಿಯುತ್ತೆ’ ಎಂದು ಸೂಪರ್‌ವೈಸರಿಗೆ ಹೇಳುತ್ತಾನೆ. ಟೂಲ್ ರೂಮಿನಲ್ಲಿ ಅರ್ಧ ಗಂಟೆಯ ಕೆಲಸ.

‘ಆಯ್ತಪ್ಪ ನೋಡೋಣ, ಮೊದಲು ಟಾರ್ಗೆಟ್ ಮುಗಿಸು.’ ವಾರ ಬಿಟ್ಟು ಮತ್ತೆ ಹೇಳುತ್ತಾನೆ. ‘ಹೇಳಿದೆನಲ್ಲ, ನೋಡೋಣ ಅಂತ.’ ಮೂರನೇ ಸಲ ಅವನು ಹೇಳುವುದಿಲ್ಲ. ಕೆಲವು ದಿನ ಬೆರಳಿನಿಂದಲೇ ಆ ಮೂಲೆ ಒರೆಸುತ್ತಾನೆ. ಆಮೇಲೆ ಅದನ್ನೂ ಬಿಡುತ್ತಾನೆ. ಒಂದು ದಿನ ಕಸ್ಟಮರ್ ಕಡೆಯಿಂದ ಲಾಟ್ ವಾಪಸ್ ಬರುತ್ತದೆ. ರಿಪೋರ್ಟಿನಲ್ಲಿ ಕಾರಣದ ಜಾಗದಲ್ಲಿ ‘ಆಪರೇಟರ್ ನಿರ್ಲಕ್ಷ್ಯ’ ಎಂದು ಬರೆಯುತ್ತಾರೆ, ಅವನ ಕೈಯಲ್ಲೇ ಸಹಿ ಹಾಕಿಸುತ್ತಾರೆ. ಅವನು ಗೇಟು ದಾಟಿದ್ದು ದಸರಾ ಮುಗಿದ ಮೇಲೆ ಇರಬಹುದು. ಕೆಲಸ ಬಿಟ್ಟಿದ್ದು ಮಾತ್ರ ಮೂರನೇ ಸಲ ಹೇಳದೆ ಸುಮ್ಮನಾದನಲ್ಲ, ಅಂದು.

ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ ನೋಡು. ಸೂಪರ್‌ವೈಸರ್ ತಲೆಯ ಮೇಲೆ ಅಂದಿನ ಡಿಸ್ಪ್ಯಾಚ್ ಇತ್ತು. ಫಿಕ್ಸ್‌ಚರ್ ಕಸ್ಟಮರ್ ಕಳಿಸಿದ್ದು, ಕೇಳದೆ ಮುಟ್ಟುವ ಹಾಗಿರಲಿಲ್ಲವೋ ಏನೋ. ಹಾಗಿದ್ದರೆ ಅದನ್ನೇ ಹೇಳಬಹುದಿತ್ತು. ‘ಇದು ಕಸ್ಟಮರದು, ಅವರನ್ನು ಕೇಳಿದ್ದೇನೆ, ಶುಕ್ರವಾರ ಹೇಳುತ್ತೇನೆ’ ಎಂದು ಹೇಳಿ, ಶುಕ್ರವಾರ ‘ಒಪ್ಪಲಿಲ್ಲಪ್ಪ, ಇದು ಕಾರಣ’ ಎಂದಿದ್ದರೂ ಸಾಕಿತ್ತು. ಇಲ್ಲ ಎಂಬ ಉತ್ತರವನ್ನು ಜನ ತಡೆದುಕೊಳ್ಳುತ್ತಾರೆ. ‘ನೋಡೋಣ’ ಎಂಬುದನ್ನು ತಡೆದುಕೊಳ್ಳಲಾರರು.

ಇದನ್ನು ಅಧ್ಯಯನ ಮಾಡಿದವರೂ ಇದ್ದಾರೆ. ಬಾಸ್ಟನ್ ವಿಶ್ವವಿದ್ಯಾಲಯದ ವಿಲಿಯಂ ಕಾನ್ ಎಂಬ ಪ್ರಾಧ್ಯಾಪಕರು ಒಂದು ಬೇಸಿಗೆ ಶಿಬಿರ ನಡೆಸುವವರನ್ನೂ ಒಂದು ಆರ್ಕಿಟೆಕ್ಟ್ ಕಚೇರಿಯವರನ್ನೂ ಹತ್ತಿರದಿಂದ ಗಮನಿಸಿ 1990ರಲ್ಲಿ ಒಂದು ಪ್ರಬಂಧ ಬರೆದರು. ಅದೇ ಮನುಷ್ಯ ಒಂದು ದಿನ ಕೆಲಸದಲ್ಲಿ ಪೂರ್ತಿ ತೊಡಗುತ್ತಾನೆ, ಇನ್ನೊಂದು ದಿನ ಕೈ ಮಾತ್ರ ಆಡಿಸುತ್ತಾನೆ, ಯಾಕೆ ಎಂಬುದು ಅವರ ಪ್ರಶ್ನೆ. ಅವರು ಕಂಡುಕೊಂಡದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ತನಗೇ ಗೊತ್ತಿಲ್ಲದಂತೆ ಮನುಷ್ಯ ಒಳಗೊಳಗೇ ಮೂರು ಲೆಕ್ಕ ಹಾಕುತ್ತಾನೆ. ನಾನು ಮನಸ್ಸಿಟ್ಟು ಮಾಡಿದರೆ ಅದಕ್ಕೆ ಬೆಲೆ ಇದೆಯಾ? ಬಾಯಿ ಬಿಟ್ಟರೆ ಏಟು ಬೀಳುವುದಿಲ್ಲವಾ? ಮನಸ್ಸಿಡುವಷ್ಟು ಕಸುವು ನನ್ನಲ್ಲಿ ಉಳಿದಿದೆಯಾ? ಮೂರಕ್ಕೂ ಹೌದು ಎನಿಸಿದ ದಿನ ಅವನು ಕೆಲಸದಲ್ಲಿರುತ್ತಾನೆ. ಆ ಗ್ರೂವಿನ ಹುಡುಗನಿಗೆ ಮೊದಲನೆಯದಕ್ಕೇ ಇಲ್ಲ ಎನಿಸಿತ್ತು.

ಈ ಮೂರಕ್ಕಿಂತ ಮುಂಚಿನದು ಒಂದಿದೆ. ಅದು ಸಂಬಳ. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ ತನ್ನ ಸಂಗಡಿಗರೊಂದಿಗೆ ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಮುತ್ತ ಸುಮಾರು 200 ಇಂಜಿನಿಯರು, ಅಕೌಂಟೆಂಟುಗಳನ್ನು ಮಾತಾಡಿಸಿ 1959ರಲ್ಲಿ ಒಂದು ಪುಸ್ತಕ ಬರೆದ. ಸಂಬಳ, ಕೆಲಸದ ಜಾಗದ ಸ್ಥಿತಿ, ಮೇಲಿನವರ ನಡವಳಿಕೆ ಕೆಟ್ಟಿದ್ದರೆ ಜನ ರೋಸಿಹೋಗುತ್ತಾರೆ. ಸರಿ ಇದ್ದರೆ ಗೊಣಗುವುದಿಲ್ಲ, ಅಷ್ಟೇ. ಹುಮ್ಮಸ್ಸು ಬರುವುದು ಕೆಲಸದೊಳಗಿನಿಂದ, ಅದರಲ್ಲಿ ಸಿಗುವ ಮನ್ನಣೆಯಿಂದ, ಜವಾಬ್ದಾರಿಯಿಂದ. ಅವನ ಲೆಕ್ಕವನ್ನು ಪ್ರಶ್ನಿಸಿದವರು ಆಮೇಲೆ ಬೇಕಾದಷ್ಟು ಜನ. ಆದರೆ ಮೊದಲನೆಯದನ್ನು ಸರಿಮಾಡದೆ ಎರಡನೆಯದಕ್ಕೆ ಕೈ ಹಾಕಬೇಡ ಎಂಬ ಪಾಠವನ್ನು ಯಾವ ಪರ್ಸನಲ್ ಆಫೀಸರೂ ಅಲ್ಲಗಳೆಯಲಾರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಮ್ಮವರು ಯಾವಾಗಲೋ ಹೇಳಿದ್ದೂ ಇದನ್ನೇ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೈಗೆ ಸೇರಬೇಕು, ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು, ಓಟಿಗೆ ದುಪ್ಪಟ್ಟು ದರ ಕೊಡಬೇಕು. 7ನೇ ತಾರೀಖು ಮತ್ತು ದುಪ್ಪಟ್ಟು ಓಟಿ ಹಳೆಯ ಕಾನೂನಿನಲ್ಲೂ ಇದ್ದವೇ. ಪೇಮೆಂಟ್ ಬರಲಿಲ್ಲ, ಬ್ಯಾಂಕ್ ಲಿಮಿಟ್ ಮುಗಿದಿದೆ ಎಂಬ ನಿನ್ನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಲಗ್ಗೆರೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ಹುಡುಗನ ಮನೆ ಮಾಲೀಕರಿಗೆ ನಿನ್ನ ಕಸ್ಟಮರ್ ಯಾರೆಂದು ಗೊತ್ತಿಲ್ಲ. ತಡವಾಗುವುದು ಖಚಿತ ಎಂದು ನಿನಗೆ 3ಕ್ಕೇ ತಿಳಿದಿದ್ದರೆ 3ಕ್ಕೇ ಹೇಳು. ಎಂದು ಕೊಡುತ್ತೀ ಎಂದೂ ಹೇಳು. ಹಾಗೆ ಹೇಳಿದ ಮಾತ್ರಕ್ಕೆ ಕಾನೂನು ಬಿಡುವುದಿಲ್ಲ, ಆದರೆ ಜನ ಕೆರಳುವುದಿಲ್ಲ.

ಸಂಬಳದ ದಿನ ಒಮ್ಮೆ ಅಕೌಂಟ್ಸ್ ಕ್ಯಾಬಿನ್ ಹತ್ತಿರ ಸುಮ್ಮನೆ ನಿಂತು ನೋಡು. ಹುಡುಗರು ಮೊದಲು ನೋಡುವುದು ಒಟ್ಟು ಮೊತ್ತವನ್ನಲ್ಲ, ಓಟಿ ಗಂಟೆಯನ್ನು. ಪ್ರತಿಯೊಬ್ಬನೂ ತನ್ನ ಓಟಿಯನ್ನು ಮೊಬೈಲಿನಲ್ಲೋ, ಪರ್ಸಿನ ಚೀಟಿಯಲ್ಲೋ ಬರೆದಿಟ್ಟುಕೊಂಡಿರುತ್ತಾನೆ. ಅವನ ಲೆಕ್ಕದಲ್ಲಿ 26, ಸ್ಲಿಪ್ಪಿನಲ್ಲಿ 22. ಬಾಗಿಲ ಹತ್ತಿರ ಬರುತ್ತಾನೆ, ಒಳಗಿನವರು ಫೋನಿನಲ್ಲಿದ್ದಾರೆ, ನಿಲ್ಲುತ್ತಾನೆ, ಶಿಫ್ಟ್ ಬೆಲ್ ಆಗುತ್ತದೆ, ವಾಪಸ್ ಹೋಗುತ್ತಾನೆ. ನಾಲ್ಕು ಗಂಟೆಯ ದುಡ್ಡು ನಿನ್ನ ಪುಸ್ತಕದಲ್ಲಿ ಚಿಲ್ಲರೆ. ಅವನ ತಲೆಯಲ್ಲಿ ಅದು ಮುಂದಿನ ಸಂಬಳದವರೆಗೂ ಓಡುತ್ತಿರುತ್ತದೆ. ಸಂಬಳದ ಮರುದಿನ ಒಂದು ಗಂಟೆ ಸ್ಲಿಪ್ ಪ್ರಶ್ನೆಗೆಂದೇ ಇಡು. ಪಂಚಿಂಗ್ ದಾಖಲೆ ಮುಂದಿಟ್ಟುಕೊಂಡು ಕೂತು ಉತ್ತರ ಹೇಳುವವರು ಒಬ್ಬರು ಇರಲಿ.

ಇದು ಸಣ್ಣ ವಿಷಯ ಎನಿಸಿದರೆ ನರಸಾಪುರವನ್ನು ನೆನಪು ಮಾಡಿಕೊ. ಕೋಲಾರ ಜಿಲ್ಲೆಯ ಆ ಊರಿನಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಗೆ 2020ರ ಡಿಸೆಂಬರ್ 12ರಂದು ಕೆಲಸಗಾರರೇ ನುಗ್ಗಿ ಗಾಜು ಒಡೆದರು, ವಾಹನಗಳಿಗೆ ಬೆಂಕಿ ಇಟ್ಟರು. ಅದನ್ನು ಸರಿ ಎನ್ನುವವರು ಯಾರೂ ಇಲ್ಲ. ಆದರೆ ಆಮೇಲೆ ಕಾರ್ಖಾನೆ ಇಲಾಖೆಯವರು ಪರಿಶೀಲಿಸಿದಾಗ ಹಾಜರಿಯ ಲೆಕ್ಕದಲ್ಲೂ ಸಂಬಳ ಕೊಡುವುದರಲ್ಲೂ ಲೋಪಗಳು ಕಂಡವು. ಕೆಲವೇ ತಿಂಗಳಲ್ಲಿ ಕೆಲಸಗಾರರ ಸಂಖ್ಯೆ ಸುಮಾರು 5,000ದಿಂದ 10,000 ದಾಟಿತ್ತು. ಬಹುಪಾಲು ಜನ ಗುತ್ತಿಗೆಯವರು. ಅವರ ಹಾಜರಿ, ಸಂಬಳ ನೋಡುವ ವಿಭಾಗ ಮಾತ್ರ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲ. ಕೆಲವರಿಗೆ ಸರಿಯಾಗಿ ಸಂಬಳ ಕೊಟ್ಟಿಲ್ಲ ಎಂದು ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲ ಎಂದಿತು ಆ್ಯಪಲ್. ದೊಡ್ಡ ಕಾರ್ಖಾನೆಯಲ್ಲಿ ಉತ್ತರ ಸಿಗದ ಪ್ರಶ್ನೆಗಳು ಗುಂಪಾಗುತ್ತವೆ. ನಿನ್ನಂಥ ಚಿಕ್ಕ ಶೆಡ್ಡಿನಲ್ಲಿ ಅವು ಒಂದೊಂದಾಗಿ ಗೇಟು ದಾಟುತ್ತವೆ, ಅಷ್ಟೇ ವ್ಯತ್ಯಾಸ.

ಸಂಬಳದ ಜೊತೆಗೇ ನೀರು, ಶೌಚಾಲಯ, ಊಟದ ಜಾಗ. ಇವನ್ನು ವಿವರಿಸಿ ಹೇಳಬೇಕಿಲ್ಲ. ಕೆಲಸಗಾರರು ಬಳಸುವ ಶೌಚಾಲಯವನ್ನು ನೀನೂ ಬಳಸು, ಒಂದೇ ವಾರದಲ್ಲಿ ಅದು ಸರಿಹೋಗುತ್ತದೆ.

ಇನ್ನು ಕಸುವಿನ ವಿಷಯ. ಹನ್ನೆರಡು ಗಂಟೆಯ ಶಿಫ್ಟ್ ಮೇಲೆ ಡಬಲ್ ಡ್ಯೂಟಿ ಮಾಡಿಸಿ, ಮರುದಿನ ಅವನು ಮನಸ್ಸಿಟ್ಟು ಕೆಲಸ ಮಾಡಲಿಲ್ಲ ಎಂದು ಬೈಯುವುದು ನ್ಯಾಯವಲ್ಲ. ಜಮ್ಶೆಡ್‌ಪುರದಲ್ಲಿ ಟಾಟಾದವರು ಉಕ್ಕಿನ ಕಾರ್ಖಾನೆಗೆ ಎಂಟು ಗಂಟೆಯ ದಿನ ತಂದದ್ದು 1912ರಲ್ಲಿ. ದೇಶದ ಕಾನೂನಿನಲ್ಲಿ ವಾರಕ್ಕೆ 48 ಗಂಟೆಯ ಮಿತಿ ಬರಲು 1940ರ ದಶಕದವರೆಗೂ ಕಾಯಬೇಕಾಯಿತು. ಯಾರೂ ಕೇಳುವ ಮೊದಲೇ ಮಾಡಿದವರಿದ್ದರು ಎಂದು ತಿಳಿದಿರಲಿ ಅಂತ ಹೇಳಿದೆ. ಓಟಿ ಬೇಕು ಎಂದು ಹುಡುಗರೇ ದುಂಬಾಲು ಬೀಳುತ್ತಾರೆ ಎನ್ನುತ್ತೀಯ. ನಿಜ. ಓಟಿ ಇಲ್ಲದೆ ಮನೆ ನಡೆಯದಂಥ ಸಂಬಳ ಇದ್ದರೆ ಬೀಳುತ್ತಾರೆ. ಹಾಗಾದರೆ ಕೈ ಹಾಕಬೇಕಾದದ್ದು ಮೂಲ ಸಂಬಳಕ್ಕೆ. ಭಾನುವಾರ ಮಧ್ಯಾಹ್ನ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ನಾಳೆ ಆರಕ್ಕೇ ಬನ್ನಿ’ ಎಂದು ಹಾಕುವುದನ್ನೂ ನಿಲ್ಲಿಸು. ಶನಿವಾರ ಸಂಜೆಯೊಳಗೆ ಹೇಳು, ಇಲ್ಲವಾದರೆ ಬಿಡು.

ಬಾಯಿ ಬಿಟ್ಟರೆ ಏಟು ಬೀಳುವ ವಿಷಯಕ್ಕೆ ಬರೋಣ. ನೀನು ಯಾರಿಗೂ ಬೈಯುವವಳಲ್ಲ, ನನಗೆ ಗೊತ್ತು. ಆದರೆ ನಿನ್ನ ಕೆಲಸಗಾರರ ಪಾಲಿಗೆ ಕಂಪನಿ ಎಂದರೆ ನೀನಲ್ಲ, ಶಿಫ್ಟ್ ಸೂಪರ್‌ವೈಸರ್. ರಜೆ ಕೇಳುವುದು ಅವನ ಹತ್ತಿರ, ಬೈಸಿಕೊಳ್ಳುವುದು ಅವನ ಕೈಯಲ್ಲಿ. ಒಳ್ಳೆಯ ಆಪರೇಟರ್ ಆಗಿದ್ದ ಎಂಬ ಒಂದೇ ಕಾರಣಕ್ಕೆ ಅವನನ್ನು ಸೂಪರ್‌ವೈಸರ್ ಮಾಡಿದ್ದೀಯ. ಮೈಕ್ರೋಮೀಟರ್ ಓದುವುದನ್ನು ಅವನಿಗೆ ಯಾರೋ ಕಲಿಸಿದರು, ಹದಿನೈದು ಜನರ ಜೊತೆ ಮಾತಾಡುವುದನ್ನು ಯಾರೂ ಕಲಿಸಲಿಲ್ಲ. ಅವನನ್ನು ಎಲ್ಲರೆದುರು ನೀನು ತರಾಟೆಗೆ ತೆಗೆದುಕೊಂಡರೆ ಅವನು ಅದನ್ನೇ ಕೆಳಗೆ ದಾಟಿಸುತ್ತಾನೆ. ಬೈಯುವುದೇ ಆದರೆ ಕ್ಯಾಬಿನ್ ಒಳಗೆ, ಹೊಗಳುವುದಾದರೆ ಲೈನಿನಲ್ಲಿ. ಇದನ್ನು ಮೊದಲು ಅವನ ವಿಷಯದಲ್ಲಿ ನೀನು ಪಾಲಿಸು.

ಎಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಎಣಿಸಲು ಹೋದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ತಪ್ಪು ಹೆಚ್ಚು ದಾಖಲಾಗಿತ್ತು. ಆಮೇಲೆ ನೋಡಿದರೆ ಅಲ್ಲಿಯವರು ಹೆಚ್ಚು ತಪ್ಪು ಮಾಡುತ್ತಿದ್ದರು ಎಂದಲ್ಲ, ಆದದ್ದನ್ನು ಬಾಯಿ ಬಿಟ್ಟು ಹೇಳುತ್ತಿದ್ದರು. ನಿನ್ನ ಶೆಡ್ಡಿಗೆ ಇದನ್ನು ಹೊಂದಿಸಿ ನೋಡು. ರಿಜೆಕ್ಷನ್ ಬಿನ್‌ನಲ್ಲಿ ಜಾಬ್ ಕಾಣುತ್ತಿಲ್ಲ ಎಂದರೆ ಎಲ್ಲ ಚೆನ್ನಾಗಿದೆ ಎಂದು ನಂಬಬೇಡ. ದಂಡಕ್ಕೆ ಹೆದರಿ ಯಾರೋ ಅದನ್ನು ಗುಜರಿ ರಾಶಿಯ ಅಡಿಗೆ ತಳ್ಳಿರಬಹುದು. ‘ಮೇಡಂ, ಟೂಲ್ ಆಫ್‌ಸೆಟ್ ತಪ್ಪು ಹಾಕಿದೆ, ಎರಡು ಜಾಬ್ ಹೋಯ್ತು’ ಎಂದು ತಾನಾಗಿ ಬಂದು ಹೇಳಿದವನಿಗೆ ಮೊದಲು ಥ್ಯಾಂಕ್ಸ್ ಹೇಳು. ಅವನು ಉಳಿಸಿಕೊಟ್ಟದ್ದು ಮುಂದಿನ ಇನ್ನೂರು ಜಾಬ್.

ಟೊಯೋಟಾ ಕಾರ್ಖಾನೆಗಳ ಹಗ್ಗದ ವಿಷಯ ನೀನು ಓದಿಯೇ ಇರುತ್ತೀಯ. ಲೈನಿನಲ್ಲಿ ಏನಾದರೂ ಸರಿಯಿಲ್ಲ ಎನಿಸಿದರೆ ಯಾವ ಕೆಲಸಗಾರನೂ ತಲೆಯ ಮೇಲಿನ ಹಗ್ಗ ಎಳೆಯಬಹುದು. ದೀಪ ಹತ್ತುತ್ತದೆ, ಟೀಮ್ ಲೀಡರ್ ಬರುತ್ತಾನೆ. ಅಷ್ಟರಲ್ಲಿ ಬಗೆಹರಿಯದಿದ್ದರೆ ಲೈನೇ ನಿಲ್ಲುತ್ತದೆ. ಎಲ್ಲರೂ ಕೊಂಡಾಡುವುದು ಆ ಹಗ್ಗವನ್ನು. ನಾನು ನೋಡುವುದು ಓಡಿ ಬರುವ ಟೀಮ್ ಲೀಡರನ್ನು. ಎಳೆದಾಗ ಯಾರೂ ಬರದಿದ್ದರೆ ಅದು ಬಟ್ಟೆ ಒಣಹಾಕುವುದಕ್ಕೆ ಲಾಯಕ್ಕು. ಕೆಲಸಗಾರರ ಸಲಹೆ ತೆಗೆದುಕೊಳ್ಳುವ ಪದ್ಧತಿಯನ್ನು ಅವರು 1951ರಿಂದ ನಡೆಸಿಕೊಂಡು ಬಂದಿದ್ದಾರೆ. ಹಾಗಂತ ಅದು ಮಂತ್ರದಂಡವಲ್ಲ. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲೇ 2020ರ ನವೆಂಬರ್‌ನಲ್ಲಿ ಲಾಕೌಟ್ ಆಯಿತು. ಕೆಲಸದ ಒತ್ತಡ ಹೆಚ್ಚಾಗಿದೆ ಎಂಬುದು ಅಂದು ಕಾರ್ಮಿಕರ ದೂರುಗಳಲ್ಲಿ ಒಂದು. ಯಾರ ಕಡೆ ನ್ಯಾಯ ಎಂದು ತೀರ್ಪು ಕೊಡುವುದಕ್ಕೆ ನಾನು ಹೋಗುವುದಿಲ್ಲ. ಅಷ್ಟು ಹೆಸರಾದ ಪದ್ಧತಿ ಇರುವ ಕಡೆಯೂ ಮಾತು ಕಡಿಯಬಹುದು, ದಿನಾ ಜೋಡಿಸುತ್ತಲೇ ಇರಬೇಕು ಎಂದು ತಿಳಿದುಕೊಂಡರೆ ಸಾಕು.

ಸಲಹಾ ಪೆಟ್ಟಿಗೆಯನ್ನು ಮಾತ್ರ ತಂದು ನೇತುಹಾಕಬೇಡ. ಅದಕ್ಕೆ ಬೀಗ, ಬೀಗದ ಕೀ ಯಾರ ಹತ್ತಿರವೋ, ಮೂರು ತಿಂಗಳಾದ ಮೇಲೆ ತೆಗೆದರೆ ಒಳಗೆ ಎರಡು ಬಸ್ ಟಿಕೆಟ್, ಒಂದು ಚಾಕೊಲೇಟ್ ಕಾಗದ.

ಮನಸ್ಸಿಟ್ಟರೆ ಬೆಲೆ ಇದೆಯಾ ಎಂಬ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಇಲ್ಲಿದ್ದರೆ ನಾನು ಮುಂದೆ ಏನಾಗುತ್ತೇನೆ? ಐಟಿಐ ಮುಗಿಸಿ ಕೊಪ್ಪಳದಿಂದಲೋ ರಾಯಚೂರಿನಿಂದಲೋ ಬಂದ ಹುಡುಗ ಬಾಯಿಬಿಟ್ಟು ಕೇಳದಿದ್ದರೂ ಒಳಗೆ ಕೇಳಿಕೊಳ್ಳುವುದು ಇದನ್ನೇ. ನಿನ್ನ ಶೆಡ್ಡಿನ ಗೋಡೆಯ ಮೇಲೆ ಸ್ಕಿಲ್ ಮ್ಯಾಟ್ರಿಕ್ಸ್ ಇದೆ, ನೋಡಿದೆ. ಎಲ್ಲರ ಹೆಸರು, ಎದುರಿಗೆ ನಾಲ್ಕು ಭಾಗದ ವೃತ್ತಗಳು. ಕಾಲು ಭಾಗ ತುಂಬಿದ್ದರೆ ಕಲಿಯುತ್ತಿದ್ದಾನೆ, ಅರ್ಧವಾದರೆ ಜೊತೆಗೆ ಒಬ್ಬರಿದ್ದರೆ ಮಾಡುತ್ತಾನೆ, ಮುಕ್ಕಾಲಾದರೆ ಒಬ್ಬನೇ ಮಾಡುತ್ತಾನೆ, ಪೂರ್ತಿ ತುಂಬಿದರೆ ಇನ್ನೊಬ್ಬನಿಗೆ ಕಲಿಸಬಲ್ಲ. ಚೆಂದದ ಚಾರ್ಟು. ಆದರೆ ಕಳೆದ ಐಎಸ್ಒ ಆಡಿಟ್ ಮುಗಿದ ಮೇಲೆ ಅದರಲ್ಲಿ ಒಂದು ವೃತ್ತವೂ ಬದಲಾಗಿಲ್ಲ. ಕೆಲಸ ಬಿಟ್ಟು ಹೋದವರ ಹೆಸರು ಇನ್ನೂ ಇದೆ, ಹೊಸದಾಗಿ ಸೇರಿದವರದು ಇಲ್ಲ. ಆಡಿಟರಿಗೆಂದು ಹಾಕಿದ್ದನ್ನು ಹುಡುಗರಿಗೆಂದು ಮಾಡು. ಮೂರು ತಿಂಗಳಿಗೊಮ್ಮೆ ಒಬ್ಬೊಬ್ಬರನ್ನೇ ಅದರ ಮುಂದೆ ನಿಲ್ಲಿಸಿ ಮಾತಾಡು. ‘ಲೋಡಿಂಗ್ ಬರುತ್ತೆ ನಿನಗೆ, ಯುಗಾದಿ ಹೊತ್ತಿಗೆ ಸೆಟ್ಟಿಂಗ್ ಕಲಿ, ಪೂರ್ತಿ ಬಂದರೆ ಸಂಬಳ ಇಷ್ಟು’ ಎಂದು ಹೇಳು. ಹೇಳಿದಷ್ಟು ಕೊಡು.

ಕಲಿಸಿದರೆ ಬಿಟ್ಟುಹೋಗುತ್ತಾರೆ ಎನ್ನುವುದು ಪೀಣ್ಯದ ಮಾಲೀಕರೆಲ್ಲರ ಪಲ್ಲವಿ. ಕೆಲವರು ಹೋಗುತ್ತಾರೆ, ಒಪ್ಪಿದೆ. ಕಲಿಯದವನು ಉಳಿದರೆ ಏನಾಗುತ್ತದೆ ಎಂದು ಯೋಚಿಸು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಜಿಟಿಟಿಸಿ ಎಂಬ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರದಲ್ಲಿ ಕಲಿತವರು ಎಲ್ಲೆಲ್ಲೋ ಹೋದರು. ಅವರಿಂದಲೇ ಈ ಊರಿನ ಟೂಲ್ ರೂಮುಗಳು ಬೆಳೆದವು. ನಿನ್ನ ಶೆಡ್ಡಿನಲ್ಲಿ ಕೆಲಸ ಕಲಿಯಬಹುದು ಎಂಬ ಹೆಸರು ಬಂದರೆ, ಒಬ್ಬ ಹೋದ ಜಾಗಕ್ಕೆ ಅವನ ಊರಿನ ಇಬ್ಬರು ಬರುತ್ತಾರೆ.

ಊರಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಒಡಿಶಾ, ಬಿಹಾರದ ಹುಡುಗರು ನಿನ್ನಲ್ಲಿದ್ದಾರೆ. ಕೆಲಸದ ಸೂಚನೆ ಅವರಿಗೆ ಅರ್ಥವಾಗುವ ಮಾತಿನಲ್ಲೂ ಇರಲಿ, ಸುರಕ್ಷತೆಯ ಬೋರ್ಡಂತೂ ಇರಲೇಬೇಕು. ನಮ್ಮ ಕನ್ನಡವನ್ನು ಅವರಿಗೆ ಕಲಿಸುವ ಕೆಲಸವನ್ನು ನಿನ್ನ ಹಳೆಯ ಆಪರೇಟರುಗಳಿಗೆ ಒಪ್ಪಿಸು, ಖುಷಿಯಿಂದ ಮಾಡುತ್ತಾರೆ. ಛಠ್ ಪೂಜೆಗೆ ರಜೆ ಬೇಕು ಎನ್ನುವವನನ್ನೂ ಜಾತ್ರೆಗೆ ಹೋಗಬೇಕು ಎನ್ನುವವನನ್ನೂ ವರ್ಷದ ಆರಂಭದಲ್ಲೇ ಕೇಳಿ ಬರೆದುಕೊ. ಹೇಳದೆ ಹೋಗುವವರಲ್ಲಿ ಅರ್ಧ ಜನ ಕೇಳಿದರೆ ಸಿಗುವುದಿಲ್ಲ ಎಂದು ತಿಳಿದೇ ಹೇಳದೆ ಹೋಗುವವರು. ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಹೆಣ್ಣುಮಕ್ಕಳಿದ್ದಾರೆ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು ಎಂದು 2013ರ ಕಾಯಿದೆ ಹೇಳುತ್ತದೆ. ನಿನ್ನಲ್ಲೂ ಸಮಿತಿ ಇದೆ, ಫೈಲಿನಲ್ಲಿ. ಅದರಲ್ಲಿ ಯಾರು ಯಾರಿದ್ದಾರೆ ಎಂದು ಆ ಹುಡುಗಿಯರನ್ನು ಒಮ್ಮೆ ಕೇಳು. ಗೊತ್ತಿಲ್ಲ ಎಂದರೆ ಸಮಿತಿ ಇಲ್ಲ ಎಂದೇ ಅರ್ಥ.

ಕೇಕು, ಕ್ರಿಕೆಟ್ ನಿಲ್ಲಿಸು ಎಂದು ನಾನು ಹೇಳುತ್ತಿಲ್ಲ. ಆಯುಧಪೂಜೆಯಂಥ ಹಬ್ಬ ಕಾರ್ಖಾನೆಗೆ ಇನ್ನೊಂದಿಲ್ಲ. ಹಿಂದಿನ ದಿನ ಮೆಷಿನ್ ಒರೆಸಿ, ಬಾಳೆಕಂದು ಕಟ್ಟಿ, ಅರಿಶಿನ ಕುಂಕುಮ ಇಟ್ಟು, ಕಡ್ಲೆಪುರಿ ಹಂಚುವ ಆ ಸಡಗರವನ್ನು ಯಾವ ಹೋಟೆಲಿನ ಪಾರ್ಟಿಯೂ ಕೊಡಲಾರದು. ಆದರೆ ಅಲ್ಲೂ ಒಂದು ಸೂಕ್ಷ್ಮವಿದೆ. ಪ್ರತಿ ಮೆಷಿನ್ನಿಗೂ ಆರತಿ ಎತ್ತುವುದು ಮಾಲೀಕರ ಮನೆಯವರೇ ಆಗಿ, ವರ್ಷವಿಡೀ ಅದರ ಮುಂದೆ ನಿಂತವನು ಗೋಡೆ ಪಕ್ಕ ಕೈಕಟ್ಟಿ ನೋಡುತ್ತಿರಬಾರದು. ಅವನ ಮೆಷಿನ್ನಿಗೆ ಅವನೇ ಪೂಜೆ ಮಾಡಲಿ. ಮನೆಯವರನ್ನು ಕರೆತರಲಿ, ‘ಇದು ನಾನು ನಡೆಸುವ ಮೆಷಿನ್’ ಎಂದು ಮಕ್ಕಳಿಗೆ ತೋರಿಸಲಿ. ತಿಂಗಳ ಉತ್ತಮ ಕೆಲಸಗಾರನ ಫೋಟೊ ಹಾಕುವಾಗಲೂ ಅಷ್ಟೇ, ಅವನು ಏನು ಮಾಡಿದ ಎಂದು ಅದರ ಕೆಳಗೆ ಎರಡು ಸಾಲು ಬರೆಸು. ಬರೆಯಲು ಏನೂ ಹೊಳೆಯದಿದ್ದರೆ ಆ ತಿಂಗಳು ಜಾಗ ಖಾಲಿ ಇರಲಿ. ಸರದಿಯ ಮೇಲೆ ಬರುವ ಫೋಟೊಗೆ ಯಾರೂ ಮರುಳಾಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಹೋಗುವವರು ಹೋಗುತ್ತಾರೆ. ಹೋಗುವವನ ಮೇಲೆ ಮುನಿಸಿಕೊಳ್ಳಬೇಡ. ಕೆಲಸ ಬಿಟ್ಟವನ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು ಎಂದು ವೇತನ ಸಂಹಿತೆ ಹೇಳುತ್ತದೆ. ‘ಮುಂದಿನ ತಿಂಗಳು ಬಾ’ ಎಂದು ಓಡಾಡಿಸುವ ಚಾಳಿ ನಿನ್ನ ಅಕೌಂಟ್ಸಿನಲ್ಲಿದ್ದರೆ ಇಂದೇ ನಿಲ್ಲಿಸು. ಯಾಕೆಂದರೆ ಹೋದವನನ್ನು ಹೇಗೆ ಕಳಿಸಿಕೊಟ್ಟೆ ಎಂಬುದನ್ನು ನೋಡುವವರು ಉಳಿದವರು. ಹೊರಡುವ ದಿನ ಅವನಿಗೆ ಒಂದು ಕಾಫಿ ಕೊಟ್ಟು ಕೂರಿಸಿಕೊಂಡು, ‘ಇಲ್ಲಿ ನೀನು ಹೇಳಿ, ಯಾರೂ ಕಿವಿಗೆ ಹಾಕಿಕೊಳ್ಳದ ಮಾತು ಯಾವುದಪ್ಪ?’ ಎಂದು ಕೇಳು. ಹೋಗುವವನು ದಾಕ್ಷಿಣ್ಯ ಬಿಟ್ಟು ಹೇಳುತ್ತಾನೆ. ಮೇಲೆ ಬೀಳದೆ ಕೇಳಿಸಿಕೊ. ಚೆನ್ನಾಗಿ ಕಳಿಸಿಕೊಟ್ಟವರಲ್ಲಿ ಕೆಲವರು ಆಚೆ ಕಡೆ ನೋಡಿಕೊಂಡು ವಾಪಸ್ಸೂ ಬರುತ್ತಾರೆ.

ಈಗ ಕೆಲಸಕ್ಕೆ ಬರೋಣ. ಕನ್ಸಲ್ಟೆಂಟ್ ಬೇಡ, ಆ್ಯಪ್ ಬೇಡ. ಒಂದು ಉದ್ದನೆಯ ರಿಜಿಸ್ಟರ್ ಪುಸ್ತಕ ತಗೊ. ಐದು ಕಾಲಂ ಹಾಕು. ತಾರೀಖು, ಯಾರು ಹೇಳಿದರು, ಏನು ಹೇಳಿದರು, ಎಂದು ಉತ್ತರ ಕೊಟ್ಟೆ, ಏನಾಯಿತು. ಫಸ್ಟ್ ಶಿಫ್ಟ್ ಮುಗಿದು ಸೆಕೆಂಡ್ ಶಿಫ್ಟ್ ಶುರುವಾಗುವ ಹೊತ್ತಿಗೆ ಹತ್ತು ನಿಮಿಷ ಎರಡೂ ಕಡೆಯವರನ್ನು ನಿಲ್ಲಿಸಿಕೊ. ಆ ಹತ್ತು ನಿಮಿಷಕ್ಕೂ ಸಂಬಳ ಉಂಟು ಎಂದು ಮೊದಲೇ ಹೇಳು. ಹೇಳಿದ್ದನ್ನು ಅವರೆದುರಿಗೇ ಬರೆದುಕೊ. ಫ್ಯಾನು ತಿರುಗುತ್ತಿಲ್ಲ ಎಂಬುದೂ ಬರಲಿ, ಫಿಕ್ಸ್‌ಚರ್ ಬದಲಿಸಿ ಎಂಬುದೂ ಬರಲಿ, ಟೀ ನೀರುನೀರಾಗಿದೆ ಎಂಬುದೂ ಬರಲಿ. ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ಅಲ್ಲೇ ತೂಗಬೇಡ. ಟೀ ವಿಷಯಕ್ಕೆ ಉತ್ತರ ಬಂತು ಎಂದು ಖಾತ್ರಿಯಾದ ಮೇಲೆಯೇ ಜನ ಫಿಕ್ಸ್‌ಚರ್ ವಿಷಯ ಬಾಯಿಬಿಡುತ್ತಾರೆ. ಒಂದು ವಾರದೊಳಗೆ ಪ್ರತಿ ಸಾಲಿಗೂ ಉತ್ತರ ಕೊಡು. ಆಗುತ್ತದೆ ಎಂದರೆ ಯಾವಾಗ, ಆಗುವುದಿಲ್ಲ ಎಂದರೆ ಯಾಕೆ. ಉತ್ತರವನ್ನು ಹೇಳಿದವನ ಹೆಸರು ಹಿಡಿದು, ಎಲ್ಲರೆದುರು ಹೇಳು. ಸಂಬಳ, ಕಿರುಕುಳದಂಥ ಮಾತಾದರೆ ಅವರೊಬ್ಬರನ್ನೇ ಕೂರಿಸಿಕೊಂಡು ಹೇಳು, ಅದಕ್ಕೆ ಬೇರೆ ಪುಸ್ತಕ ಇಡು.

ಮೊದಲ ವಾರ ಯಾರೂ ಬಾಯಿ ಬಿಡುವುದಿಲ್ಲ. ಎರಡನೇ ವಾರ ಯಾರೋ ಒಬ್ಬ ನಿನ್ನನ್ನು ಪರೀಕ್ಷೆ ಮಾಡುವುದಕ್ಕೆಂದೇ ಒಂದು ಚಿಕ್ಕ ಮಾತು ಎಸೆಯುತ್ತಾನೆ. ಅದಕ್ಕೆ ನೀನು ಏನು ಮಾಡುತ್ತೀ ಎಂದು ನಲವತ್ತು ಜನ ನೋಡುತ್ತಿರುತ್ತಾರೆ. ಅವತ್ತು ಮಾತ್ರ ಡಿಸ್ಪ್ಯಾಚ್ ಎಷ್ಟೇ ಇರಲಿ, ಅದನ್ನು ಮುಗಿಸಿಯೇ ಮನೆಗೆ ಹೋಗು.

ಮೂರು ತಿಂಗಳಾದ ಮೇಲೆ ಆ ಪುಸ್ತಕ ಹಿಡಿದುಕೊಂಡು ಮನೆಗೆ ಬಾ. ಅತ್ತೆ ಚಿತ್ರಾನ್ನ ಮಾಡಿರುತ್ತಾಳೆ. ಎಷ್ಟು ಜನ ಬಿಟ್ಟುಹೋದರು ಎಂದು ನಾನು ಕೇಳುವುದಿಲ್ಲ. ನಾಲ್ಕನೇ ಕಾಲಂನಲ್ಲಿ ಎಷ್ಟು ಜಾಗ ಖಾಲಿ ಉಳಿದಿದೆ ಎಂದು ಇಬ್ಬರೂ ಕೂತು ಎಣಿಸೋಣ.